ನಾಟಕ ಮೊದಲು, ರಿಪೇರಿ ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ. ಬೀಗ ಬಿದ್ದ ಸಿನಿಮಾ ಥಿಯೇಟರು ನಾಟಕಶಾಲೆ ಆಗುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ನನ್ನ ಉತ್ತರ ಚಿಕ್ಕದು. ನಾಟಕ ಮೊದಲು, ರಿಪೇರಿ ಆಮೇಲೆ.

ಅಮೆರಿಕದ ಓಹಾಯೋ ರಾಜ್ಯದಲ್ಲಿ ಕ್ಲೀವ್‌ಲ್ಯಾಂಡ್ ಅಂತ ಒಂದು ಊರು. ಅಲ್ಲಿನ ಯೂಕ್ಲಿಡ್ ಅವೆನ್ಯೂ ದೊಡ್ಡ ಪೇಟೆಬೀದಿ. 1921 ಮತ್ತು 1922ರಲ್ಲಿ ಅದರ ಆಸುಪಾಸಿನಲ್ಲಿ ಐದು ಥಿಯೇಟರುಗಳು ಎದ್ದವು. ಕೆಲವು ನಾಟಕಕ್ಕೆ, ಕೆಲವು ಸಿನಿಮಾಕ್ಕೆ. ಮುಂದೆ ಮನೆಮನೆಗೆ ಟಿವಿ ಬಂತು, ಜನ ಊರಾಚೆಯ ಬಡಾವಣೆಗಳಿಗೆ ಹೊರಟರು. 1969ರ ಹೊತ್ತಿಗೆ ಐದರಲ್ಲಿ ನಾಲ್ಕು ಮುಚ್ಚಿದ್ದವು.

1970ರಲ್ಲಿ ರೇ ಶೆಪರ್ಡ್‌ಸನ್ ಎಂಬವರು ಅಲ್ಲಿಗೆ ಬಂದರು. ನಾಟಕದವರಲ್ಲ, ಶಾಲಾ ಇಲಾಖೆಯ ನೌಕರ. ಮೇಷ್ಟ್ರುಗಳ ಸಭೆಗೆ ಜಾಗ ಹುಡುಕುತ್ತಿದ್ದರು, ಅಷ್ಟೇ. ಆ ಐದರಲ್ಲಿ ಒಂದಾದ ಸ್ಟೇಟ್ ಥಿಯೇಟರಿನ ಒಳಗೆ ಕಾಲಿಟ್ಟರೆ ಬಾಗಿಲ ಬಳಿಯ ಹಜಾರ ಮುಗಿಯುವುದೇ ಇಲ್ಲ! 320 ಅಡಿ ಉದ್ದ. ಗೋಡೆ ಮೇಲೆ ಜೇಮ್ಸ್ ಡಾಗರ್ಟಿ ಬರೆದ ಭಾರಿ ಚಿತ್ರಗಳು. ಮನುಷ್ಯ ಮರುಳಾಗಿಬಿಟ್ಟರು.

ಆದರೆ 1972ರಲ್ಲಿ ಸ್ಟೇಟ್ ಮತ್ತು ಪಕ್ಕದ ಓಹಾಯೋ ಥಿಯೇಟರನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುವ ಮಾತು ಎದ್ದಿತು. ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಒಂದು ಕಮಿಟಿ, ಒಂದು ಅಂದಾಜುಪಟ್ಟಿ, ಹಣ ಬರಲಿ ಅಂತ ಹತ್ತು ವರ್ಷ ಕಾಯುವುದು. ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಶೆಪರ್ಡ್‌ಸನ್ ಕಾಯಲಿಲ್ಲ. ಒಳಗಿನ ದೊಡ್ಡ ಸಭಾಂಗಣ ಹಾಗೇ ಇರಲಿ ಅಂತ ಆ ಹಜಾರದಲ್ಲೇ ಮೇಜು ಕುರ್ಚಿ ಹಾಕಿಸಿದರು. ಬೆಲ್ಜಿಯಂ ಗಾಯಕ ಜಾಕ್ ಬ್ರೆಲ್ ಅವರ ಹಾಡುಗಳನ್ನು ಪೋಣಿಸಿದ ಒಂದು ರಂಗಪ್ರದರ್ಶನ 1973ರ ಏಪ್ರಿಲಿನಲ್ಲಿ ಅಲ್ಲೇ ಶುರುವಾಯಿತು. ಎರಡು ಮೂರು ವಾರ ನಡೆದರೆ ಸಾಕು ಅಂದುಕೊಂಡಿದ್ದರು. ನಡೆದದ್ದು 1975ರ ಜೂನ್ ತನಕ! 522 ಪ್ರದರ್ಶನ, ಅದೂ ಹಜಾರದಲ್ಲಿ! ಕತ್ತಲಾದರೆ ಪೇಟೆ ಕಡೆ ಯಾರೂ ಸುಳಿಯುವುದಿಲ್ಲ ಅನ್ನುತ್ತಿದ್ದವರು ಇನ್ನೇನು ಹೇಳುತ್ತಾರೆ? ಜನ ಬಂದು ಕೂತ ಮೇಲೆ ಕಟ್ಟಡ ಕೆಡವುವುದು ಅಷ್ಟು ಸುಲಭ ಅಲ್ಲ, ಅಲ್ವಾ?

ನನಗೆ ಕೊಟ್ಟ ಹೊತ್ತೆಲ್ಲ ಹಜಾರದಲ್ಲೇ ಕಳೆಯಿತು. ಉಳಿದದ್ದು ಬೇಗ ಹೇಳುತ್ತೇನೆ. ರಿಪೇರಿ ಆಮೇಲೆ ಬಂತು. ಆ ಐದರಲ್ಲಿ ಓಹಾಯೋ ಥಿಯೇಟರು 1982ರಲ್ಲಿ, ಸ್ಟೇಟ್ 1984ರಲ್ಲಿ, ಪ್ಯಾಲೇಸ್ 1988ರಲ್ಲಿ ಮತ್ತೆ ತೆರೆದವು. ಇನ್ನೊಂದು ಥಿಯೇಟರು ಆಲೆನ್ ಮೂಕಿ ಸಿನಿಮಾಕ್ಕೆಂದೇ ಕಟ್ಟಿದ್ದು, ಪರದೆ ಹಿಂದೆ ನಾಟಕಕ್ಕೆ ಬೇಕಾದಷ್ಟು ಜಾಗ ಇರಲಿಲ್ಲ. ಹಿಂಭಾಗದಲ್ಲಿ ಹೊಸದಾಗಿ ರಂಗ ಕಟ್ಟಿಸಿ 1998ರಲ್ಲಿ ಬಾಗಿಲು ತೆಗೆದರು. 2011ರಲ್ಲಿ ಕ್ಲೀವ್‌ಲ್ಯಾಂಡ್ ಪ್ಲೇ ಹೌಸ್ ಎಂಬ ಹಳೆಯ ನಾಟಕ ತಂಡ ಅಲ್ಲಿಗೇ ಮನೆ ಬದಲಾಯಿಸಿತು. ನಮಸ್ಕಾರ.