ಬೇರೆ ನಾಡಿನ ಹಬ್ಬ, ಮನೆಯೊಳಗೆ

ಕೇಳುಗರಿಗೆ ನಮಸ್ಕಾರ.

ಬೇರೊಂದು ದೇಶದ ರಾಷ್ಟ್ರೀಯ ದಿನವನ್ನು ಮನೆಯಲ್ಲಿ ಆಚರಿಸೋಣ ಅಂತ ಹೊರಟವರಿಗೆ ಮೊದಲು ನೆನಪಾಗುವುದು ಬಾವುಟ. ಆಮೇಲೆ ಅದೇ ಬಣ್ಣದ ಬಲೂನು, ಅದೇ ಬಣ್ಣದ ಕೇಕು. ಮಕ್ಕಳು ಅರ್ಧ ಗಂಟೆ ಕುಣಿಯುತ್ತಾರೆ, ಫೋಟೋ ಆಗುತ್ತದೆ, ಮುಗಿಯಿತು. ದೇಶ ಯಾವುದಾಗಿದ್ದರೂ ಅಷ್ಟೇ. ನನ್ನನ್ನು ಕೇಳಿದರೆ, ಆ ದಿನ ಅಲ್ಲಿಯ ಜನ ತಮ್ಮ ಮನೆಯೊಳಗೆ ಏನು ಮಾಡುತ್ತಾರೆ ಅಂತ ಮೊದಲು ವಿಚಾರಿಸಬೇಕು. ಸೈನ್ಯದ ಪೆರೇಡು ಹಜಾರದಲ್ಲಿ ಹಿಡಿಸುವುದಿಲ್ಲ. ಒಲೆ, ಕಿಟಕಿ, ಅಂಗಳ ಎಲ್ಲರಿಗೂ ಉಂಟು.

ಕೆರಿಬಿಯನ್ ಸಮುದ್ರದ ಹೈಟಿಯನ್ನೇ ತೆಗೆದುಕೊಳ್ಳಿ. ಗುಲಾಮರೇ ದಂಗೆಯೆದ್ದು ಫ್ರೆಂಚರನ್ನು ಸೋಲಿಸಿ ಕಟ್ಟಿಕೊಂಡ ದೇಶ ಅದು. 1804ರ ಜನವರಿ 1ರಂದು ಗೊನಾಯೀವ್ ಪಟ್ಟಣದಲ್ಲಿ ದಂಗೆಯ ನಾಯಕ ದೆಸಾಲಿನ್ ಸ್ವಾತಂತ್ರ್ಯ ಘೋಷಿಸಿದ. ಇವತ್ತಿಗೂ ಜನವರಿ 1 ಬಂತೆಂದರೆ ಹೈಟಿಯವರ ಮನೆಗಳಲ್ಲಿ 'ಸೂಪ್ ಜುಮು' ಕುದಿಯುತ್ತದೆ, ಅಂದರೆ ಕುಂಬಳಕಾಯಿ ಸೂಪು. ಗುಲಾಮಗಿರಿಯ ಕಾಲದಲ್ಲಿ ಅದನ್ನು ಬೇಯಿಸುವುದು ಗುಲಾಮರ ಪಾಲು, ಉಣ್ಣುವುದು ಧಣಿಗಳ ಪಾಲು. ಬಿಡುಗಡೆಯಾದ ದಿನ ಅದನ್ನೇ ಬಟ್ಟಲು ತುಂಬ ಉಂಡರು ಎಂದು ಅಲ್ಲಿಯವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. 2021ರಲ್ಲಿ ಯುನೆಸ್ಕೋ ಈ ಸೂಪನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾಂಸಕ್ಕೆ ನಿಂಬೆರಸ, ಮಸಾಲೆ ಹಚ್ಚಿ ಹಿಂದಿನ ರಾತ್ರಿಯೇ ಇಡುತ್ತಾರೆ. ಬೆಂದ ಕುಂಬಳವನ್ನು ಅರೆದು ಸುರಿದರೆ ಸೂಪಿಗೆ ಹೊಂಬಣ್ಣ. ಕೋಸು, ಕ್ಯಾರೆಟ್, ಆಲೂಗಡ್ಡೆ, ಕೊನೆಗೊಂದಿಷ್ಟು ಮ್ಯಾಕರೋನಿ. ಸ್ಕಾಚ್ ಬಾನೆಟ್ ಮೆಣಸಿನಕಾಯನ್ನು ಕೊಯ್ಯದೆ ಇಡಿಯಾಗಿ ತೇಲಿಬಿಡುತ್ತಾರೆ. ಪರಿಮಳ ಬಿಟ್ಟ ಮೇಲೆ, ಒಡೆಯುವ ಮುಂಚೆ ಎತ್ತಿಬಿಡಬೇಕು. ಒಡೆದರೆ ಇಡೀ ಪಾತ್ರೆ ಬೆಂಕಿ! ಅದನ್ನು ಕಾಯುವ ಕೆಲಸ ಮನೆಯಲ್ಲಿ ತಾಳ್ಮೆ ಇರುವವರಿಗೇ ಕೊಡಿ. ಮಾಂಸ ತಿನ್ನದವರು ಅದನ್ನು ಬಿಟ್ಟು ಮಾಡಲಿ, ಅಡ್ಡಿಯಿಲ್ಲ. ಆದರೆ ಬಡಿಸುವ ಮುಂಚೆ ಧಣಿಗಳ ಕಥೆ ಹೇಳಲೇಬೇಕು. ಇಲ್ಲದಿದ್ದರೆ ಅದು ಬರೀ ಸೂಪು.

ಅಡುಗೆ ಗೋಜು ಬೇಡ ಎನ್ನುವವರಿಗೆ ಫಿನ್ಲೆಂಡ್ ಇದೆ. 1917ರ ಡಿಸೆಂಬರ್ 6 ಅವರ ಸ್ವಾತಂತ್ರ್ಯದ ದಿನ. ಸಂಜೆ 6ರಿಂದ 8ರವರೆಗೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿಡುತ್ತಾರೆ. ಆಮೇಲೆ ಟೀವಿ ಮುಂದೆ ಕೂತು, ಅಧ್ಯಕ್ಷರ ಅರಮನೆಗೆ ಬಂದ ಅತಿಥಿಗಳು ಸಾಲಾಗಿ ಕೈಕುಲುಕುವುದನ್ನು ನೋಡುತ್ತಾ ಯಾರ ಉಡುಪು ಹೇಗಿದೆ ಅಂತ ಮಾತಾಡಿಕೊಳ್ಳುವುದು. ಇಷ್ಟು ಆರಾಮದ ರಾಷ್ಟ್ರೀಯ ಹಬ್ಬ ಇನ್ನೊಂದಿರಲಾರದು.

ಮನೆ ತುಂಬ ಮಕ್ಕಳಿದ್ದರೆ ಇಂಡೋನೇಷ್ಯಾ. ಅಲ್ಲಿಯ ಸ್ವಾತಂತ್ರ್ಯ ಘೋಷಣೆ ಆದದ್ದೇ ಒಂದು ಮನೆಯಂಗಳದಲ್ಲಿ: 1945ರ ಆಗಸ್ಟ್ 17ರಂದು, ಜಕಾರ್ತಾದಲ್ಲಿ, ಮುಂದೆ ದೇಶದ ಮೊದಲ ಅಧ್ಯಕ್ಷರಾದ ಸುಕರ್ಣೋ ಅವರ ಮನೆಯೆದುರು. ಆ ದಿನ ಏರಿಸಿದ ಬಾವುಟ ಹೊಲಿದವರು ಅವರ ಹೆಂಡತಿ ಫಾತ್ಮಾವತಿ. ಈಗ ಆ ದಿನ ಊರೂರಲ್ಲಿ ಆಟೋಟ. ಹಗ್ಗಕ್ಕೆ ದಾರದಲ್ಲಿ ಕೆರುಪುಕ್ ಎಂಬ ಹಪ್ಪಳ ಇಳಿಬಿಟ್ಟು, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನುವ ಸ್ಪರ್ಧೆ. ಹಪ್ಪಳ ಮೂಗಿಗೆ ಬಡಿದು ದೂರ ತೂಗುತ್ತದೆ, ಬಾಯಿ ತೆರೆದುಕೊಂಡೇ ಇರುತ್ತದೆ. ದೊಡ್ಡವರೂ ಬಿಟ್ಟಿರಲಾರರು.

ತಾರೀಖು ಮಾತ್ರ ನೋಡಿಕೊಳ್ಳಿ. ಮೇ 5 ಮೆಕ್ಸಿಕೋದ ಸ್ವಾತಂತ್ರ್ಯ ದಿನ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು 1862ರಲ್ಲಿ ಮೆಕ್ಸಿಕೋದವರು ಫ್ರೆಂಚ್ ಸೈನ್ಯವನ್ನು ಸೋಲಿಸಿದ ಪ್ಯೂಬ್ಲಾ ಯುದ್ಧದ ನೆನಪು. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16. ಎಲ್ಲ ರಾಷ್ಟ್ರೀಯ ದಿನವೂ ಎಲ್ಲರಿಗೂ ಸಂಭ್ರಮವಲ್ಲ ಎನ್ನುವುದೂ ಗಮನದಲ್ಲಿರಲಿ. ಆಸ್ಟ್ರೇಲಿಯಾದ ರಾಷ್ಟ್ರೀಯ ದಿನ ಜನವರಿ 26, ಬ್ರಿಟಿಷರು ಬಂದು ನೆಲೆಯೂರಿದ ದಿನ. ಅದನ್ನು ಅಲ್ಲಿಯ ಮೂಲನಿವಾಸಿಗಳು 1938ರಲ್ಲೇ ಶೋಕದಿನವಾಗಿ ಆಚರಿಸಿದ್ದರು. ಇನ್ನು ಬಾವುಟದ ಚಿತ್ರವಿರುವ ತಟ್ಟೆ, ಕೈ ಒರೆಸುವ ಕಾಗದ ನನಗಂತೂ ಸರಿಕಾಣುವುದಿಲ್ಲ. ಊಟವಾದ ಮೇಲೆ ಅವು ಸೇರುವುದು ಕಸದ ಬುಟ್ಟಿಗೆ.

ಆ ದೇಶದವರೊಬ್ಬರ ಪರಿಚಯವಿದ್ದರೆ ಖಂಡಿತ ಕರೆಯಿರಿ, ಆದರೆ ಭಾಷಣ ಮಾಡಿಸಬೇಡಿ. ಒಂದು ವಾರ ಮುಂಚೆಯೇ, ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತಿದ್ದಿರಿ ಅಂತ ಕೇಳಿ. "ರಜೆ ಅಲ್ಲವೇ, ಮಧ್ಯಾಹ್ನದವರೆಗೆ ಮಲಗುತ್ತಿದ್ದೆವು" ಅಂದರೆ ಅದನ್ನೂ ನಂಬಿ, ಊಟದ ಹೊತ್ತನ್ನು ಸ್ವಲ್ಪ ಮುಂದಕ್ಕೆ ಹಾಕಿ.

ನಮಸ್ಕಾರ.