ಆಲೆ ಆಲೆ ಆಲೆ: ಗ್ಯಾಲರಿಗಾಗಿ ಕಟ್ಟಿದ ಹಾಡು

ಎಲ್ಲರಿಗೂ ನಮಸ್ಕಾರ.

ಇವತ್ತು ಹೆಚ್ಚು ಕಡಿಮೆ ಒಂದೇ ಹಾಡಿನ ಬಗ್ಗೆ ಮಾತಾಡುತ್ತೇನೆ. 1998ರ ಫ್ರಾನ್ಸ್ ವಿಶ್ವಕಪ್ ಫುಟ್‌ಬಾಲ್‌ಗೆ ರಿಕಿ ಮಾರ್ಟಿನ್ ಹಾಡಿದ 'ಲಾ ಕೋಪಾ ದೆ ಲಾ ವಿದಾ', ಅಂದರೆ ಬದುಕಿನ ಕಪ್. ಹೆಸರು ಕೇಳಿದರೆ ಹೊಳೆಯದೇ ಇರಬಹುದು. 'ಆಲೆ ಆಲೆ ಆಲೆ' ಅಂದರೆ ಇಲ್ಲಿರುವ ನಲವತ್ತು ದಾಟಿದವರು ಈಗಲೇ ಕಾಲು ಕುಣಿಸುತ್ತಾರೆ. ಕಿರಿಯರಿಗೆ 2010ರ ವಿಶ್ವಕಪ್‌ಗೆ ಶಕೀರಾ ಹಾಡಿದ 'ವಾಕಾ ವಾಕಾ' ಗೊತ್ತು. ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಈ ಹಾಡೇ ಅನ್ನುವುದು ನನ್ನ ಅಭಿಪ್ರಾಯ.

ವಿಶ್ವಕಪ್‌ಗೆ ಹಾಡು ಅನ್ನುವುದೇನೂ ಹೊಸದಲ್ಲ. 1962ರಲ್ಲಿ ಚಿಲಿಯಲ್ಲಿ ಲಾಸ್ ರಾಂಬ್ಲರ್ಸ್ ಎಂಬ ಅಲ್ಲಿನದೇ ತಂಡ ಒಂದು ರಾಕ್ ಹಾಡು ಮಾಡಿತ್ತು. 1978ರಲ್ಲಿ ಅರ್ಜೆಂಟೀನಾಕ್ಕೆ ಇಟಲಿಯ ಸಿನಿಮಾ ಸಂಗೀತಗಾರ ಎನ್ನಿಯೊ ಮೊರಿಕೋನೆ ಸಂಗೀತ ಕೊಟ್ಟರು. 1990ರಲ್ಲಿ ಇಟಲಿಯ ಜಾನ್ನಾ ನನ್ನೀನಿ ಮತ್ತು ಎದುವಾರ್ದೊ ಬೆನ್ನಾತೊ ಹಾಡಿದ್ದಂತೂ ನನಗೆ ಇವತ್ತಿಗೂ ಇಷ್ಟ. ಆದರೆ ಅದು ಕೂತು ಕೇಳುವ ಹಾಡು. ಜೊತೆಗೆ ಹಾಡಬೇಕೆಂದರೆ ಇಟಾಲಿಯನ್ ಬರಬೇಕು, ಸ್ವಲ್ಪ ಕಂಠವೂ ಬೇಕು. 1994ರ ಅಮೆರಿಕ ವಿಶ್ವಕಪ್ ಹಾಡು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಇಲ್ಲ, ಅಲ್ವಾ?

1998ರಲ್ಲಿ ಆಡಿದ ತಂಡಗಳು ಮೊದಲ ಬಾರಿಗೆ 32. ಪಂದ್ಯಗಳು 64. ಅಷ್ಟು ದೇಶಗಳ ಜನ ಸೇರುವ ಕಡೆ ಯಾವ ಭಾಷೆಯಲ್ಲಿ ಹಾಡೋದು? ಸಿಕ್ಕ ಉತ್ತರ ವಿಚಿತ್ರ. ಪಂದ್ಯಾವಳಿ ಫ್ರಾನ್ಸ್‌ನದು, ಹಾಡುಗಾರ ಪೋರ್ಟೊರಿಕೊದವನು. ಆ ದ್ವೀಪದಲ್ಲಿ ಜನ ಪ್ರಾಣ ಬಿಡುವುದು ಬೇಸ್‌ಬಾಲ್‌ಗೆ, ಬಾಕ್ಸಿಂಗ್‌ಗೆ. ವಿಶ್ವಕಪ್ ನಡೆಸುವ ಫಿಫಾ ಸಂಸ್ಥೆಯ ಸದಸ್ಯತ್ವ ಇದ್ದರೂ ಅದರ ತಂಡ ಆವರೆಗೆ ಒಂದು ವಿಶ್ವಕಪ್ಪನ್ನೂ ಆಡಿರಲಿಲ್ಲ. ಹಾಗಾದರೆ ಅವನೇ ಯಾಕೆ? ಅವನ 'ಮರಿಯಾ' ಹಾಡು ಅದಾಗಲೇ ಯುರೋಪಿನಲ್ಲಿ, ಅದರಲ್ಲೂ ಫ್ರಾನ್ಸ್‌ನಲ್ಲಿ, ಭರ್ಜರಿ ಹಿಟ್ ಆಗಿತ್ತು. ಸ್ಪ್ಯಾನಿಷ್ ಬಾರದವರೂ ಅದಕ್ಕೆ ಕುಣಿದಿದ್ದರು.

ಹಾಡು ಕಟ್ಟಿದವರು ಮೂವರು. ರೋಬಿ ರೋಸಾ, ಹುಡುಗರ ಬ್ಯಾಂಡ್ 'ಮೆನುಡೊ'ದಲ್ಲಿ ರಿಕಿಯ ಜೊತೆಗಾರ. ಲೂಯಿಸ್ ಗೋಮೆಸ್ ಎಸ್ಕೊಲಾರ್, ಸ್ಪೇನಿನ ಗೀತರಚನೆಕಾರ. ಮೂರನೆಯವರು ಡೆಸ್ಮಂಡ್ ಚೈಲ್ಡ್. ಇವರ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಬಾನ್ ಜೋವಿ ತಂಡದ 'ಲಿವಿನ್ ಆನ್ ಎ ಪ್ರೇಯರ್' ಬರೆದವರಲ್ಲಿ ಇವರೂ ಒಬ್ಬರು. ಸಾವಿರಾರು ಜನ ಒಟ್ಟಿಗೆ ಗಂಟಲು ಹರಿದುಕೊಂಡು ಕೂಗುವಂಥ ಪಲ್ಲವಿ ಹೇಗಿರಬೇಕು ಅನ್ನುವುದು ಇವರ ಕೈಗೆ ಹತ್ತಿದ ಕಸುಬು. ತಾಯಿ ಕ್ಯೂಬಾದವರು, ಹಾಗಾಗಿ ಲ್ಯಾಟಿನ್ ಲಯ ಮನೆಯಲ್ಲೇ ಕಿವಿಗೆ ಬಿದ್ದಿತ್ತು.

ಈಗ ಹಾಡಿನ ಒಳಗೆ ಹೋಗೋಣ. ಕೆಳಗೆ ಬ್ರೆಜಿಲ್‌ನ ಸಾಂಬಾ ಮೆರವಣಿಗೆಯನ್ನು ನೆನಪಿಸುವ ಡ್ರಮ್ಮುಗಳು. ಮೇಲೆ ಟ್ರಂಪೆಟ್ಟು, ಟ್ರೊಂಬೋನು. ಹಾಡುವವನು ಒಂದು ಸಾಲು ಎಸೆಯುತ್ತಾನೆ, ಬಿಡುತ್ತಾನೆ. ಆ ಖಾಲಿ ಜಾಗದಲ್ಲಿ 'ಆಲೆ ಆಲೆ ಆಲೆ' ಬರುತ್ತದೆ. ಇನ್ನೊಂದು ತುಣುಕು, ಮತ್ತೆ ಆಲೆ. ಭಾರದ ಕಲ್ಲು ಎಳೆಯುವಾಗ ಮುಂದಿನವನು ಒಂದು ಮಾತು ಕೂಗಿದರೆ ಹಿಂದಿನವರೆಲ್ಲ 'ಐಸಾ' ಅನ್ನುತ್ತಾರಲ್ಲ, ಅದೇ ಲೆಕ್ಕ. ಉತ್ತರ ಕೊಡುವವರಿಗೆ ಮುಂದಿನವನ ಮಾತು ಪೂರ್ತಿ ಕೇಳಿಸಬೇಕು ಅಂತಲೂ ಇಲ್ಲ. ತಮ್ಮ ಸರದಿ ಯಾವಾಗ ಅಂತ ಗೊತ್ತಿದ್ದರೆ ಸಾಕು.

ಈ 'ಆಲೆ'ಯನ್ನು ಯಾರೂ ಹೊಸದಾಗಿ ಹುಟ್ಟಿಸಲಿಲ್ಲ. 'ಆಲೆ' ಅಂದರೆ ಫ್ರೆಂಚಿನಲ್ಲಿ 'ನಡೀರಿ'. 'ಆಲೆ ಲೆ ಬ್ಲೂ', ನಡೀರಿ ನೀಲಿಯವರೇ, ಅಂತ ಫ್ರೆಂಚರು ತಮ್ಮ ತಂಡಕ್ಕೆ ಮೊದಲಿಂದಲೂ ಕೂಗುತ್ತಿದ್ದರು. ಗ್ಯಾಲರಿಯಲ್ಲಿ ಇದ್ದ ಕೂಗನ್ನೇ ಎತ್ತಿಕೊಂಡು, ಸುತ್ತ ಹಾಡು ಹೆಣೆದು, ವಾಪಸ್ ಗ್ಯಾಲರಿಗೇ ಕೊಟ್ಟರು. ಚರಣದಲ್ಲಿ ಏನಿದೆ ಅಂತ ಕೇಳಿದರೆ, ಬದುಕಬೇಕಾದರೆ ಹೋರಾಡಬೇಕು ಅನ್ನುವ ಜಾತಿಯ ಸಾಲುಗಳು. ಸ್ಪ್ಯಾನಿಷ್ ಆವೃತ್ತಿಯಲ್ಲಿ ಬೈಬಲ್ಲಿನ ಕಾಯಿನ, ಆಬೇಲರೂ ಬರುತ್ತಾರೆ. ಅಣ್ಣ ತಮ್ಮನನ್ನು ಕೊಂದ ಕಥೆಯ ಹಾಗೆ ಈ ಪಂದ್ಯವೂ ಕ್ರೂರ ಅಂತ. ಕುಣಿಯುವ ಹಾಡಿನಲ್ಲಿ ಸಣ್ಣಗೆ ರಕ್ತದ ವಾಸನೆ! ನನಗೆ ಈ ಸಾಲು ತುಂಬಾ ಹಿಡಿಸಿತು. ಇಂಗ್ಲಿಷ್ ಆವೃತ್ತಿಯಲ್ಲಿ ಅದಿಲ್ಲ, ಅಲ್ಲಿ ಬರೀ ನುಗ್ಗು, ಗಟ್ಟಿಯಾಗು, ಮೇಲೇರು.

ಜುಲೈ 12, ಫೈನಲ್. ಪ್ಯಾರಿಸ್ ಪಕ್ಕದ ಸಾಂ ದೆನಿಯ ಸ್ಟಾದ್ ದ ಫ್ರಾನ್ಸ್. ಪಂದ್ಯಕ್ಕೆ ಮುಂಚೆ ರಿಕಿ ಹಾಡಿದ. ಹಾಡಿನಲ್ಲಿ ಬ್ರೆಜಿಲ್‌ನ ತಾಳ, ಫ್ರಾನ್ಸ್ ಎದುರು ಮೈದಾನಕ್ಕೆ ಇಳಿಯಬೇಕಾದದ್ದೂ ಬ್ರೆಜಿಲ್. ಆದರೆ ಅವತ್ತೇ ಬ್ರೆಜಿಲ್‌ನ ತಾರೆ ರೊನಾಲ್ಡೊಗೆ ಫಿಟ್ಸ್ ಬಂದಿತ್ತು. ಆಡುತ್ತಾನೋ ಇಲ್ಲವೋ ಅನ್ನುವ ಗೊಂದಲದಲ್ಲೇ ತಂಡ ಮೈದಾನಕ್ಕೆ ಬಂತು. ಕಾರ್ನರ್‌ನಿಂದ ಬಂದ ಎರಡು ಚೆಂಡಿಗೆ ಫ್ರಾನ್ಸ್‌ನ ಜಿದಾನ್ ತಲೆ ಕೊಟ್ಟ, ಎರಡೂ ಗೋಲು. ಕೊನೆಯಲ್ಲಿ ಅದೇ ತಂಡದ ಪೆಟಿ ಒಂದು. ಫ್ರಾನ್ಸ್‌ಗೆ 3-0 ಗೆಲುವು.

ಗೆದ್ದ ಮೇಲೆ ಫ್ರೆಂಚರು ಹಾಡಿದ್ದೇನು? ರಿಕಿಯ ಹಾಡನ್ನಲ್ಲ! ಬೀದಿಯಲ್ಲಿ ಜನ ಕೂಗಿದ್ದು 'ಎ ಅಂ, ಎ ದೂ, ಎ ತ್ರುವಾ ಜೀರೊ'. ಒಂದು, ಎರಡು, ಮೂರು-ಸೊನ್ನೆ ಅಂತ. ಫ್ರೆಂಚ್ ಆಟಗಾರರದೇ ಆಗಿಬಿಟ್ಟ ಹಾಡು ಗ್ಲೋರಿಯಾ ಗೇನರ್ ಅವರ ಹಳೆಯ ಡಿಸ್ಕೊ ಹಾಡು 'ಐ ವಿಲ್ ಸರ್ವೈವ್'. ಅದನ್ನು ಡಚ್ ತಂಡ ಹರ್ಮೆಸ್ ಹೌಸ್ ಬ್ಯಾಂಡ್ ಮತ್ತೆ ಹಾಡಿತ್ತು. ಪ್ರೀತಿ ಮುರಿದುಬಿದ್ದ ಹೆಣ್ಣಿನ ಹಾಡು ಅದು, ಫುಟ್‌ಬಾಲ್‌ಗೆ ಎಲ್ಲಿಂದೆಲ್ಲಿಯ ಸಂಬಂಧ ಹೇಳಿ. ಗೆದ್ದ ಊರು ತನ್ನ ಹಾಡನ್ನು ತಾನೇ ಆರಿಸಿಕೊಳ್ಳುತ್ತದೆ, ಫಿಫಾವನ್ನು ಕೇಳುವುದಿಲ್ಲ. ಅಧಿಕೃತ ಹಾಡು ಉಳಿದವರಿಗೆ, ಅಂದರೆ ಟಿವಿ ಮುಂದೆ ಕೂತ ನಮ್ಮಂಥವರಿಗೆ. ನಮ್ಮ ತಂಡ ಅಲ್ಲಿ ಇರುವುದೇ ಇಲ್ಲ. ಆ ಹಾಡಿನಿಂದಲೇ ನಾವೂ ಒಂದಿಷ್ಟು ಒಳಗೆ ಹೋದೆವು.

ಮುಂದಿನ ಫೆಬ್ರವರಿಯಲ್ಲಿ ಇದೇ ಹಾಡನ್ನು ರಿಕಿ ಗ್ರ್ಯಾಮಿ ವೇದಿಕೆಯಲ್ಲಿ ಹಾಡಿದ. ಡ್ರಮ್ಮು, ಟ್ರಂಪೆಟ್ಟು, ನರ್ತಕರು, ಎಲ್ಲ ಸೇರಿ ಸಭೆಯನ್ನು ಎಬ್ಬಿಸಿ ನಿಲ್ಲಿಸಿದರು. ಅದೇ ವರ್ಷ 'ಲಿವಿನ್ ಲಾ ವಿದಾ ಲೋಕಾ' ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಬರೆದವರು ಮತ್ತೆ ಅದೇ ರೋಸಾ, ಚೈಲ್ಡ್. ಅಮೆರಿಕದ ಪತ್ರಿಕೆಗಳು ಲ್ಯಾಟಿನ್ ಸ್ಫೋಟ ಅಂತ ಬರೆದವು. ಲ್ಯಾಟಿನ್ ಸಂಗೀತ ಅಲ್ಲಿ ಎಷ್ಟೋ ದಶಕಗಳಿಂದ ಇತ್ತು ಅನ್ನುವುದು ಬೇರೆ ಮಾತು.

2010ಕ್ಕೆ ಬಂದರೆ ದಕ್ಷಿಣ ಆಫ್ರಿಕಾ, ಹಾಡಿದ್ದು ಕೊಲಂಬಿಯಾದ ಶಕೀರಾ. ಜೊತೆಗೆ ಅಲ್ಲಿನ ಫ್ರೆಶ್ಲಿಗ್ರೌಂಡ್ ತಂಡ. ಆಫ್ರಿಕಾದ ಮೊದಲ ವಿಶ್ವಕಪ್‌ಗೆ ಹೊರಗಿನವರು ಯಾಕೆ ಅಂತ ಅಲ್ಲಿನವರು ತಕರಾರು ತೆಗೆದರು. ನ್ಯಾಯವಾದ ತಕರಾರೇ. ಆದರೆ ಪಲ್ಲವಿ ಮಾತ್ರ ಆಫ್ರಿಕಾದ್ದೇ. ಕ್ಯಾಮರೂನ್‌ನ ಗೋಲ್ಡನ್ ಸೌಂಡ್ಸ್ ತಂಡ 1986ರಲ್ಲಿ ಹಾಡಿದ 'ಜಂಗಲೇವಾ'ದಿಂದ ಬಂದದ್ದು, ಸೈನಿಕರ ಕವಾಯತಿನ ಹಾಡು. ಶಕೀರಾ ಹುಟ್ಟಿದ ಬರಾಂಕಿಯಾ ಕಡಲತೀರದ ಊರು. ಆಫ್ರಿಕಾದ ರೆಕಾರ್ಡುಗಳನ್ನು ಆಳೆತ್ತರದ ಸ್ಪೀಕರ್ ಇಟ್ಟು ಬೀದಿಯಲ್ಲಿ ಹಾಕಿ ಕುಣಿಯುವ ರೂಢಿ ಆ ಕಡೆ ಹಳೆಯದು. ಇಲ್ಲೂ ಲೆಕ್ಕ ಅದೇ. ಕವಾಯತಿನಲ್ಲಿ ಒಬ್ಬ ಕೂಗಬೇಕು, ಸಾಲಾಗಿ ನಡೆಯುವವರು ಮರುಕೂಗು ಕೊಡಬೇಕು.

ಈಗ ರಿಕಿಯ ಹಾಡನ್ನೇ ಎರಡು ಸಲ ಹಾಕುತ್ತೇನೆ, ಮೊದಲು ಸ್ಪ್ಯಾನಿಷ್, ಆಮೇಲೆ ಇಂಗ್ಲಿಷ್. ಅವನ ದನಿಯನ್ನು ಸ್ವಲ್ಪ ಬದಿಗಿಟ್ಟು, ಅವನು ಸುಮ್ಮನಾದ ಕಡೆ ಏನು ನಡೆಯುತ್ತದೆ ಅಂತ ಕೇಳಿ. ಪ್ರಶ್ನೆಗಳನ್ನು ಅದಾದ ಮೇಲೆ ತೆಗೆದುಕೊಳ್ಳೋಣ.