ಜಾಕೆಟ್ಟಿನಲ್ಲಿ ಹೊಲಿದ ಮಾರ್ಕ್ಸ್ ಕಾರ್ಡ್

ಕೇಳುಗರೇ, ನಮಸ್ಕಾರ.

ಮಾರ್ಕ್ಸ್ ಕಾರ್ಡನ್ನು ನಾವೆಲ್ಲ ಎಷ್ಟು ಜೋಪಾನ ಮಾಡುತ್ತೇವೆ, ಅಲ್ವಾ? ಪ್ಲಾಸ್ಟಿಕ್ ಕವರಿಗೆ ಹಾಕಿ, ಬೀರುವಿನಲ್ಲಿ ಸೀರೆಗಳ ಅಡಿಗೆ ಇಡುತ್ತೇವೆ. ಆಫ್ರಿಕಾದ ಮಾಲಿ ದೇಶದ ಹುಡುಗನೊಬ್ಬ ತನ್ನದನ್ನು ಜಾಕೆಟ್ಟಿನೊಳಗೆ ಸೇರಿಸಿ ಹೊಲಿದುಕೊಂಡಿದ್ದ. ವಯಸ್ಸು ಸುಮಾರು 14.

2015ರ ಏಪ್ರಿಲ್ 18. ಲಿಬಿಯಾದಿಂದ ಇಟಲಿಗೆ ಹೊರಟ ಮೀನುಗಾರಿಕೆ ದೋಣಿಯೊಂದು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿತು. 800ಕ್ಕೂ ಹೆಚ್ಚು ಜನ ಸತ್ತರು. ಬದುಕಿ ಬಂದವರು 28 ಮಂದಿ. ಮರುವರ್ಷ ಇಟಲಿಯ ನೌಕಾಪಡೆ ಆ ದೋಣಿಯನ್ನು ಸುಮಾರು 370 ಮೀಟರ್ ಆಳದಿಂದ ಎತ್ತಿತು. ಮಿಲಾನಿನ ವೈದ್ಯೆ ಕ್ರಿಸ್ಟಿನಾ ಕತ್ತಾನೆಯೊ ಮತ್ತು ಜೊತೆಯವರು ಒಂದೊಂದೇ ಹೆಣ ಪರೀಕ್ಷಿಸುತ್ತಾ ಬಂದರು. ಈ ಹುಡುಗನ ಜಾಕೆಟ್ ಮುಟ್ಟಿದಾಗ ಏನೋ ಗಟ್ಟಿಯಾಗಿ ಕೈಗೆ ತಾಗಿತು. ಹೊಲಿಗೆ ಬಿಚ್ಚಿದರು. ಮಡಿಸಿಟ್ಟ ಕಾಗದ. ಫ್ರೆಂಚಿನಲ್ಲಿ ಬರೆದಿತ್ತು: ಗಣಿತ, ಭೌತವಿಜ್ಞಾನ.

ಯಾರಾದರೂ ಕೇಳಿದರೆ ತೋರಿಸೋಣ, ನಾನು ಓದುವ ಹುಡುಗ ಅಂತ ಹೇಳೋಣ ಅಂದುಕೊಂಡಿದ್ದನೋ ಏನೋ. ನೆನೆದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ವಿಮಾನದಲ್ಲಿ ಹೋಗಬಹುದಿತ್ತಲ್ಲ ಅನ್ನಬಹುದು. ವೀಸಾ ಇಲ್ಲದವರನ್ನು ಕರೆತಂದರೆ ಯೂರೋಪಿನ ದೇಶಗಳು ವಿಮಾನ ಕಂಪನಿಗೇ ದಂಡ ಹಾಕುತ್ತವೆ. ಹಾಗಾಗಿ ಗಡಿ ಶುರುವಾಗುವುದು ಹೊರಡುವ ಊರಿನ ಟಿಕೆಟ್ ಕೌಂಟರಿನಲ್ಲಿ. ಆಶ್ರಯ ಕೇಳುವ ಹಕ್ಕೇನೋ ಇದೆ. ಆದರೆ ಆ ನೆಲ ಮುಟ್ಟಿದ ಮೇಲೆ ಕೇಳಬೇಕು. ಮುಟ್ಟಲು ಉಳಿದದ್ದು ಕಳ್ಳಸಾಗಣೆಯವರ ದೋಣಿ. ಅದಕ್ಕೆ ಎಷ್ಟೋ ಸಲ ವಿಮಾನಕ್ಕಿಂತ ಜಾಸ್ತಿ ದುಡ್ಡು.

2013ರಲ್ಲಿ ಇಟಲಿಯ ಲ್ಯಾಂಪೆಡೂಸಾ ದ್ವೀಪದ ಬಳಿ ಇಂಥದ್ದೇ ದೋಣಿ ಮುಳುಗಿ 360ಕ್ಕೂ ಹೆಚ್ಚು ಜನ ಸತ್ತಾಗ ಇಟಲಿ ತನ್ನ ಯುದ್ಧನೌಕೆಗಳನ್ನೇ ಕಳಿಸಿತ್ತು. ಒಂದು ವರ್ಷದಲ್ಲಿ ಸುಮಾರು ಒಂದೂವರೆ ಲಕ್ಷ ಜನರನ್ನು ಉಳಿಸಿದರು. ಆಮೇಲೆ ಖರ್ಚು ಜಾಸ್ತಿ ಅಂದರು. ಹೀಗೆ ಉಳಿಸುತ್ತಾ ಹೋದರೆ ಇನ್ನಷ್ಟು ಜನ ಬರುತ್ತಾರೆ ಅಂದರು. 2014ರ ಕೊನೆಗೆ ನಿಲ್ಲಿಸಿಬಿಟ್ಟರು. ಬದಲಿಗೆ ಬಂದ ಯೂರೋಪಿನ ಕಾವಲು ಹಡಗುಗಳು ತೀರದ ಹತ್ತಿರವೇ ಸುತ್ತಿದವು. ಜನ ಬರುವುದೇನೂ ನಿಲ್ಲಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಈ ಹುಡುಗ ಹೊರಟ. ಅವನ ದೋಣಿಯ ಕರೆಗೆ ಓಡಿಬಂದದ್ದು ಒಂದು ಸರಕು ಹಡಗು. ದೋಣಿ ಅದಕ್ಕೇ ಡಿಕ್ಕಿ ಹೊಡೆದು ಮಗುಚಿತು.

ಅದೇ ವೈದ್ಯೆಗೆ ಇನ್ನೊಬ್ಬ ಹುಡುಗನ ಅಂಗಿಯಲ್ಲಿ ಪುಟ್ಟ ಗಂಟೊಂದು ಸಿಕ್ಕಿತ್ತು. ಬಿಚ್ಚಿದರೆ ಮಣ್ಣು. ಅವನು ಆಫ್ರಿಕಾದ ಎರಿಟ್ರಿಯಾ ದೇಶದವನು. ಊರು ಬಿಡುವಾಗ ಹಿಡಿ ಮಣ್ಣು ಕಟ್ಟಿಕೊಂಡು ಬಂದಿದ್ದ.